ದಾವಣಗೆರೆ ಸೀಮೆಯಲ್ಲಿ ಖಿಲಾಫತ್ ಕಾಲದ ಕಾಗದ ಹುಡುಕುವ ಬಗೆ

ಕಡತಕ್ಕೆ ಕೈಹಾಕುವ ಮೊದಲು ಹಳೆಯ ನಕ್ಷೆ ನೋಡಿ. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಮುಸ್ಲಿಮರ ಧರ್ಮನಾಯಕನೆನಿಸಿದ್ದ ತುರ್ಕಿಯ ಖಲೀಫನ ಪರವಾಗಿ ಖಿಲಾಫತ್ ಚಳವಳಿ ನಡೆದ 1919–24ರಲ್ಲಿ ದಾವಣಗೆರೆ, ಹರಿಹರ, ಜಗಳೂರು ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ಹರಿಹರದಲ್ಲಿ ಹೊಳೆ ದಾಟಿ ರಾಣೆಬೆನ್ನೂರಿನ ಕಡೆ ಹೋದರೆ ಮುಂಬಯಿ ಪ್ರಾಂತ. ಬಳ್ಳಾರಿ ಜಿಲ್ಲೆಯ ಹರಪನಹಳ್ಳಿ ಮದರಾಸು ಪ್ರಾಂತ. ಹೀಗಾಗಿ ಒಂದೇ ಸೀಮೆಯ ಕಾಗದಗಳು ಬೆಂಗಳೂರು, ಮುಂಬಯಿ, ಚೆನ್ನೈ ಪತ್ರಾಗಾರಗಳಲ್ಲಿ ಹಂಚಿಹೋಗಿವೆ. ಸಂಸ್ಥಾನದಲ್ಲಿದ್ದ ಬ್ರಿಟಿಷ್ ಸರ್ಕಾರದ ಪ್ರತಿನಿಧಿ, ಅಂದರೆ ರೆಸಿಡೆಂಟನ ಪತ್ರಗಳಿಗೆ ದೆಹಲಿಯ ರಾಷ್ಟ್ರೀಯ ಪತ್ರಾಗಾರ. ಅದರ ‘ಅಭಿಲೇಖ್ ಪಟಲ್’ ತಾಣದಲ್ಲಿ ಮನೆಯಿಂದಲೇ ಸೂಚಿ ನೋಡಬಹುದು. ಬೆಂಗಳೂರಲ್ಲಿ ಏನೂ ಸಿಗಲಿಲ್ಲವೆಂದು ‘ನಮ್ಮೂರಲ್ಲಿ ಏನೂ ನಡೆದಿಲ್ಲ’ ಎಂದು ಬರೆದುಬಿಡಬೇಡಿ.

ಸೂಚಿಯಲ್ಲಿ ‘ಖಿಲಾಫತ್’ ಎಂಬ ಒಂದೇ ಪದ ನಂಬಿ ಕೂರಬೇಡಿ. ‘ಟರ್ಕಿ’, ‘ಅಂಗೋರಾ’ (ಇಂದಿನ ಅಂಕಾರಾ), ‘ಸ್ಮಿರ್ನಾ’ (ತುರ್ಕಿಯ ಇಂದಿನ ಇಜ್ಮಿರ್), ‘ಅಸಹಕಾರ’, ‘ಮಹಮಡನ್’ ಎಂಬ ತಲೆಬರಹಗಳನ್ನೂ ತೆಗೆಸಿ. ಚಿತ್ರದುರ್ಗ ಇಂಗ್ಲಿಷ್ ಕಡತಗಳಲ್ಲಿ ‘ಚಿತಲ್‌ದ್ರೂಗ್’ ಆಗಿರುತ್ತದೆ.

ತಾರೀಖಿಲ್ಲದ ಕರಪತ್ರ, ರಸೀದಿ ಸಿಕ್ಕರೆ ಒಳಗಿನ ಹೆಸರುಗಳೇ ಕಾಲ ಹೇಳುತ್ತವೆ. ಗ್ರೀಕರು ಸ್ಮಿರ್ನಾಕ್ಕೆ ಇಳಿದದ್ದು 1919ರ ಮೇನಲ್ಲಿ, ತುರ್ಕರು ಅದನ್ನು ಮರಳಿ ಪಡೆದದ್ದು 1922ರ ಸೆಪ್ಟೆಂಬರಿನಲ್ಲಿ. ಅಲ್ಲಿನವರ ನೆರವಿಗೆ ಚಂದಾ ಕೇಳುವ ಸ್ಮಿರ್ನಾ ನಿಧಿಯ ಮನವಿ ಬಹುಮಟ್ಟಿಗೆ ಈ ನಡುವಿನದು. ಮೊದಲ ಮಹಾಯುದ್ಧದಲ್ಲಿ ಗೆದ್ದವರು ತುರ್ಕಿಯ ಮೇಲೆ ಹೇರಿದ ‘ಸೆವ್ರ್ ಒಪ್ಪಂದ’ವನ್ನು ಆಗಿಹೋದ ಸಂಗತಿಯಾಗಿ ಹೇಳಿದ್ದರೆ ಅದು 1920ರ ಆಗಸ್ಟ್ 10ರ ಈಚಿನದು. ಸುಲ್ತಾನ ಪದವಿ ಹೋದದ್ದು 1922ರ ನವೆಂಬರ್ 1ರಂದು, ಖಲೀಫ ಪದವಿ 1924ರ ಮಾರ್ಚ್ 3ರಂದು. ಈ ಎರಡನ್ನು ಒಂದೇ ಎಂದುಕೊಂಡರೆ ಹದಿನಾರು ತಿಂಗಳ ಲೆಕ್ಕ ತಪ್ಪುತ್ತದೆ, ಬಹಳ ಜನ ಎಡವುವುದು ಇಲ್ಲೇ.

ಹಿಜ್ರಿ (ಮುಸ್ಲಿಂ ಚಾಂದ್ರಮಾನ) ವರ್ಷವಿದ್ದರೆ 0.97ರಿಂದ ಗುಣಿಸಿ 622 ಕೂಡಿಸಿ: 1338ಕ್ಕೆ 1919.86 ಬರುತ್ತದೆ. ಅದನ್ನು 1920 ಎಂದು ದುಂಡು ಮಾಡಬೇಡಿ. 1338 ಶುರುವಾದದ್ದೇ 1919ರ ಸೆಪ್ಟೆಂಬರಿನಲ್ಲಿ, ಆದ್ದರಿಂದ ‘1919–20’ ಎಂದೇ ಬರೆಯಿರಿ. ತಿಂಗಳು, ದಿನ ಇದ್ದರೆ ಹಿಜ್ರಿ ತಾರೀಖನ್ನು ಇಂಗ್ಲಿಷ್ ತಾರೀಖಿಗೆ ಬದಲಿಸುವ ಪಟ್ಟಿ ನೋಡಿ. ಆಗಲೂ ಚಂದ್ರದರ್ಶನದಿಂದ ಒಂದು ದಿನ ಹೆಚ್ಚುಕಡಿಮೆ.

ಮನೆಗಳಲ್ಲಿ ಕೇಳುವಾಗ ‘ಚಳವಳಿಯಲ್ಲಿದ್ದರಾ?’ ಎನ್ನುವುದಕ್ಕಿಂತ ಟ್ರಂಕಿನಲ್ಲಿ ಹಳೆಯ ಉರ್ದು ಪತ್ರಿಕೆ, ಚಂದಾ ರಸೀದಿ ಇವೆಯೇ ಎಂದು ಕೇಳಿ. ಖಿಲಾಫತ್ ಸಮಿತಿಯ ರಸೀದಿಗಳಲ್ಲಿ ನೋಟಿನಂತೆ ಅಚ್ಚಾದವೂ ಇದ್ದವು, ಹಳೆಯ ದುಡ್ಡೆಂದು ಎತ್ತಿಟ್ಟಿರುತ್ತಾರೆ. ಫೋಟೋದಲ್ಲಿ ತುರ್ಕಿ ಟೋಪಿ ಕಂಡ ಮಾತ್ರಕ್ಕೆ ಹಿಗ್ಗಬೇಡಿ. ಆ ಟೋಪಿ ಚಳವಳಿಗೂ ಮೊದಲೇ ಇಲ್ಲಿ ರೂಢಿಯಲ್ಲಿತ್ತು. ಪಾಷಾ ಎಂಬ ಹೆಸರೂ ಅಷ್ಟೇ, ಪುರಾವೆಯಲ್ಲ.

ಸಿಕ್ಕ ಕಾಗದದ ಎರಡೂ ಬದಿಯ ಚಿತ್ರ ತೆಗೆಯಿರಿ, ಪಕ್ಕದಲ್ಲಿ ಅಳತೆಪಟ್ಟಿ ಇರಲಿ, ಫ್ಲಾಶ್ ಬೇಡ. ಹಿಂಬದಿಯ ಅಂಚೆ ಮುದ್ರೆ, ಪೆನ್ಸಿಲ್ ಗೀಚು ಎಷ್ಟೋ ಸಲ ಮುಂಬದಿಗಿಂತ ಹೆಚ್ಚು ಹೇಳುತ್ತವೆ. ಲ್ಯಾಮಿನೇಷನ್ ಮಾಡಿಸಲೇಬೇಡಿ: ಬಿಸಿಗೆ ಕರಗಿದ ಅಂಟು ಕಾಗದದೊಳಗೆ ಇಳಿದರೆ ಮತ್ತೆ ಬಿಡಿಸಲಾಗದು. ಮೂಲವನ್ನು ಮನೆಯವರಿಗೇ ಮರಳಿಸಿ. ಯಾರ ಮನೆಯದು, ಯಾವತ್ತು ನೋಡಿದ್ದು ಎಂದು ಚಿತ್ರದ ಜೊತೆಗೇ ಬರೆದಿಡಿ.