ಮೊಲದ ಕಿವಿಯ ಹುಳ, ನನ್ನ ನಾಲ್ಕು ತಟ್ಟೆ

ಪುಣೆಯ ಕೋಥ್ರೂಡ್‌ನಲ್ಲಿ ನನ್ನದೊಂದು ಪುಟ್ಟ ಪಶು ಕ್ಲಿನಿಕ್. ತುರಿ ಹತ್ತಿದ ಪ್ರಾಣಿ ತಂದವರು ಮೊದಲು ಹೇಳುವುದೇ 'ಎಣ್ಣೆ ಹಚ್ಚಿದೀವಿ ಡಾಕ್ಟ್ರೇ' ಅಂತ. ಬೇವಿನೆಣ್ಣೆ, ಇಲ್ಲಾಂದ್ರೆ ಹೊಂಗೆ ಎಣ್ಣೆ. ಅದನ್ನೇ ಇಲ್ಲಿಯವರು ಕರಂಜ್ ತೇಲ್ ಅನ್ನುತ್ತಾರೆ. ಇದರಿಂದ ನಿಜವಾಗಲೂ ತುರಿಯ ಹುಳ ಸಾಯುತ್ತಾ, ನಾನೇ ನೋಡಿಬಿಡೋಣ ಅನ್ನಿಸಿತು.

ಮನುಷ್ಯರ ಕಜ್ಜಿ ಹುಳ ಸಿಗುವುದು ಕಷ್ಟ. ಮೈಯೆಲ್ಲ ಕೆರೆದುಕೊಳ್ಳುವವರಲ್ಲೂ ಸಾಮಾನ್ಯವಾಗಿ ಇರುವುದು 10–15 ಹುಳ, ಅವೂ ಚರ್ಮದೊಳಗೆ ಸುರಂಗ ಕೊರೆದು ಕೂತಿರುತ್ತವೆ. ಮೊಲದ ಕಿವಿ ಹಾಗಲ್ಲ. ಸೋರೋಪ್ಟಿಸ್ ಅನ್ನೋ ಕಿವಿಯ ಕಜ್ಜಿ ಹುಳ ಬಿದ್ದರೆ ಒಳಗೆಲ್ಲ ಕಂದು ಹಕ್ಕಳೆ ಪದರಪದರವಾಗಿ ಕಟ್ಟುತ್ತದೆ. ಕ್ಲಿನಿಕ್‌ಗೆ ಬಂದ ಒಂದು ಮೊಲದ ಕಿವಿಯಿಂದ ತಾನಾಗಿ ಉದುರಿದ ಚೂರನ್ನು (ಕೀಳಬಾರದು, ಮೊಲಕ್ಕೆ ಪ್ರಾಣ ಹೋದಷ್ಟು ನೋವು) ಕಪ್ಪು ಕಾಗದದ ಮೇಲಿಟ್ಟು ಬಲ್ಬಿನ ಕೆಳಗೆ ಹಿಡಿದೆ. ಸ್ವಲ್ಪ ಹೊತ್ತಿಗೆ ಬಿಳಿ ಚುಕ್ಕೆಗಳು ಹರಿದಾಡತೊಡಗಿದವು, ಬರಿಗಣ್ಣಿಗೇ ಕಾಣುತ್ತಿದ್ದವು.

ಒದ್ದೆ ಕೂದಲ ಕುಂಚದಿಂದ ತಟ್ಟೆಗೆ ಹತ್ತರಂತೆ ಬಿಟ್ಟೆ. ಒಂದಕ್ಕೆ ಬೇವು, ಒಂದಕ್ಕೆ ಹೊಂಗೆ. ಬೆಳಿಗ್ಗೆ ನೋಡಿದರೆ ಎಲ್ಲ ಸ್ತಬ್ಧ. ಖುಷಿಯೋ ಖುಷಿ! ಆಮೇಲೆ ತಲೆಗೆ ಹೊಳೆಯಿತು, ಹೋಲಿಸಿ ನೋಡೋಕೆ ಔಷಧವಿಲ್ಲದ ಬರೀ ಜಿಡ್ಡಿನ ತಟ್ಟೆಯನ್ನೇ ಇಟ್ಟಿಲ್ಲವಲ್ಲ. ಮತ್ತೆ ಮಾಡಿದೆ, ಈ ಸಲ ಇನ್ನೆರಡು ತಟ್ಟೆ ಸೇರಿಸಿ: ಒಂದಕ್ಕೆ ಬರೀ ಲಿಕ್ವಿಡ್ ಪ್ಯಾರಾಫಿನ್ (ಬಣ್ಣ, ವಾಸನೆ ಇಲ್ಲದ ಖನಿಜ ಎಣ್ಣೆ), ಇನ್ನೊಂದಕ್ಕೆ ಮಂಡಈ ಮಾರುಕಟ್ಟೆ ಹತ್ತಿರ ಕೊಂಡ ಲವಂಗದೆಣ್ಣೆಯನ್ನು ಅದೇ ಪ್ಯಾರಾಫಿನ್‌ನಲ್ಲಿ ಸ್ವಲ್ಪ ಬೆರೆಸಿ. ರಾತ್ರಿ ಕಳೆಯುವಷ್ಟರಲ್ಲಿ ಔಷಧವೇ ಇಲ್ಲದ ಪ್ಯಾರಾಫಿನ್‌ನಲ್ಲೂ ಹೆಚ್ಚಿನವು ಸತ್ತಿದ್ದವು. ಈ ಹುಳ ಮೈಚರ್ಮದಿಂದಲೇ ಉಸಿರಾಡುತ್ತದೆ, ಜಿಡ್ಡಲ್ಲಿ ಮುಳುಗಿದರೆ ಇನ್ನೇನು. ಅಂದ್ರೆ ನಾನು ಮೊದಲ ಸಲ ಪರೀಕ್ಷೆ ಮಾಡಿದ್ದು ಬೇವನ್ನಲ್ಲ, ಜಿಡ್ಡನ್ನ!

ವ್ಯತ್ಯಾಸ ಕಂಡಿದ್ದು ಮೊದಲ ಗಂಟೆಯಲ್ಲಿ. ಸೂಜಿಯಿಂದ ಮುಟ್ಟಿದರೆ ಪ್ಯಾರಾಫಿನ್‌ನವು ಇನ್ನೂ ಕಾಲಾಡಿಸುತ್ತಿದ್ದವು, ಬೇವು ಹೊಂಗೆಯವೂ ಅಷ್ಟೇ. ಲವಂಗದವು ಅಲುಗಲಿಲ್ಲ. ಅದರಲ್ಲಿರುವ ಯೂಜಿನಾಲ್ ಅನ್ನೋ ವಸ್ತುವಿನ ಕೆಲಸ. ಬೇವನ್ನು ಇಷ್ಟಕ್ಕೇ ತಳ್ಳಿಹಾಕುವ ಹಾಗೂ ಇಲ್ಲ. ಅದರ ಅಜಾಡಿರಾಕ್ಟಿನ್ ಪೊರೆ ಕಳಚುವುದಕ್ಕೆ ಅಡ್ಡಿ ಮಾಡುವ ವಸ್ತು, ಬೆಳೆದ ಹುಳವನ್ನು ಒಂದು ರಾತ್ರಿ ಎಣಿಸಿದರೆ ಅದು ಗೊತ್ತಾಗುವುದಿಲ್ಲ.

ಹಾಗಂತ ಲವಂಗದೆಣ್ಣೆ ಮೊಲಕ್ಕೆ ಹಚ್ಚಲಿಲ್ಲ. ಹಸಿ ಗಾಯದ ಮೇಲೆ ಬೆಂಕಿ ಇಟ್ಟ ಹಾಗೆ ಅದು, ಬೆಕ್ಕಿಗಂತೂ ವಿಷ. ಹುಳ ಕೊಲ್ಲುವ ಔಷಧ ಐವರ್ಮೆಕ್ಟಿನ್ ಚುಚ್ಚಿದೆ, ಎರಡು ವಾರ ಬಿಟ್ಟು ಮತ್ತೊಮ್ಮೆ. ಹಕ್ಕಳೆ ತಾನೇ ಉದುರಿತು. ಮೊಲದ ಮನೆಯವರು ಧಾರವಾಡದವರು, ಉಳಿದ ಹೊಂಗೆ ಎಣ್ಣೆ ಏನು ಮಾಡಲಿ ಅಂದರು. ದೀಪಕ್ಕೆ ಹಾಕಿ ಅಂದೆ.