ಗುದನಾಳದ ಕ್ಯಾನ್ಸರ್ ಆಪರೇಷನ್ ಬಳಿಕ ಕರುಳಿನ ಜೋಡಣೆ ಸೋರಿದರೆ: ಪತ್ತೆ, ಕೀವು ತೆಗೆಯುವಿಕೆ, ದುರಸ್ತಿ

ಗುದನಾಳದ ಗಡ್ಡೆಯನ್ನು ಸುತ್ತಲಿನ ಕೊಬ್ಬಿನ ಪದರದ ಸಮೇತ ತೆಗೆದ ಮೇಲೆ, ಮೇಲಿನ ದೊಡ್ಡ ಕರುಳನ್ನು ಇಳಿಸಿ ಕೆಳಗೆ ಉಳಿದ ತುಂಡಿಗೆ ಸರ್ಕ್ಯುಲರ್ ಸ್ಟೇಪ್ಲರ್‌ನಿಂದ (ಸುತ್ತಲೂ ಪಿನ್ನು ಹಾಕುವ ಉಪಕರಣ) ಜೋಡಿಸುತ್ತಾರೆ. ಈ ಜೋಡಣೆ ಸೋರುವುದು ಅಪರೂಪವೇನಲ್ಲ. ಪಳಗಿದ ಕೈಗಳಲ್ಲೂ ಸುಮಾರು ಹತ್ತು ಜನರಲ್ಲಿ ಒಬ್ಬರಿಗೆ ಆಗುತ್ತದೆ. ಜೋಡಣೆ ಗುದದ್ವಾರಕ್ಕೆ ಹತ್ತಿರವಾದಷ್ಟೂ ಅಪಾಯ ಏರುತ್ತದೆ. ಪೆಲ್ವಿಸ್ (ಸೊಂಟದ ಮೂಳೆಗಳ ನಡುವಿನ ಜಾಗ) ಕಿರಿದಾಗಿರುವ ಗಂಡಸರು, ಬೊಜ್ಜಿನವರು, ಸಿಗರೇಟು ಬಿಡದವರು, ಮೊದಲೇ ರೇಡಿಯೇಷನ್ ಆದವರು, ಸ್ಟೀರಾಯ್ಡ್ ತೆಗೆದುಕೊಳ್ಳುವವರು, ಆಹಾರವಿಲ್ಲದೆ ಸೊರಗಿದವರು ಹೆಚ್ಚು ಅಪಾಯದಲ್ಲಿರುತ್ತಾರೆ. ಇವೆಲ್ಲದರ ಅಡಿಯಲ್ಲಿ ಸಾಮಾನ್ಯವಾಗಿ ಎರಡೇ ಸಂಗತಿಗಳಿವೆ: ಕರುಳಿನ ತುದಿಗೆ ರಕ್ತ ಸಾಲದಿರುವುದು, ಇಲ್ಲವೇ ಜೋಡಣೆ ಎಳೆತದಲ್ಲಿರುವುದು.

ಈ ಬರಹ ಸರ್ಜರಿ ವಾರ್ಡಿನ ಕಿರಿಯ ವೈದ್ಯರಿಗೆ, ನರ್ಸ್‌ಗಳಿಗೆ, ಜೊತೆಗೆ ಒಳಗೆ ಏನು ನಡೆಯುತ್ತಿದೆ ಎಂದು ತಿಳಿಯಬೇಕೆನ್ನುವ ರೋಗಿಯ ಮನೆಯವರಿಗೆ. ಮೊದಲೇ ಹೇಳಿಬಿಡಬೇಕಾದ ಮಾತೊಂದಿದೆ. ಸೋರಿಕೆಗೆ ಚಿಕಿತ್ಸೆ ಎಂದರೆ ತೂತು ಹೊಲಿಯುವುದಲ್ಲ. ಮೊದಲು ಸೆಪ್ಸಿಸ್ (ಸೋಂಕಿನಿಂದ ಇಡೀ ದೇಹವೇ ಹದಗೆಡುವ ಸ್ಥಿತಿ) ನಿಲ್ಲಿಸಬೇಕು, ಬಳಿಕ ಕೀವಿನ ಕುಳಿಯನ್ನು ಬರಿದು ಮಾಡಬೇಕು, ತೂತಿನ ಸರದಿ ಕೊನೆಗೆ. ಹೆಚ್ಚಿನ ಎಡವಟ್ಟುಗಳು ಆಗುವುದು ಎರಡನೆಯ ಹಂತವನ್ನು ಅರ್ಧಕ್ಕೆ ಬಿಟ್ಟಾಗ.

ಮೂರನೆಯ ದಿನದಿಂದ ಕಣ್ಣಿಡಿ

ಸೋರಿಕೆ ಹೆಚ್ಚಾಗಿ ಬಯಲಾಗುವುದು ಆಪರೇಷನ್ ಆದ ಐದರಿಂದ ಎಂಟನೆಯ ದಿನದ ಆಸುಪಾಸಿನಲ್ಲಿ. ಆದರೆ ಸುಳಿವು ಅದಕ್ಕೂ ಮೊದಲೇ ಸಿಗುತ್ತದೆ. ನಾಡಿ 100 ದಾಟಿ ಇಳಿಯದಿರುವುದು, ಹೊಟ್ಟೆ ಉಬ್ಬರಿಸಿ ಗ್ಯಾಸ್ ಹೋಗದಿರುವುದು, ಹೊಸದಾಗಿ ಎದೆಬಡಿತದ ತಾಳ ತಪ್ಪುವುದು, ವಯಸ್ಸಾದವರು ರಾತ್ರಿ ಗೊಂದಲದ ಮಾತಾಡುವುದು. ಇವನ್ನು ಹೃದಯದ ತೊಂದರೆ, ನಿದ್ದೆಗೆಟ್ಟಿದ್ದು ಎಂದು ಪಕ್ಕಕ್ಕಿಡುವುದೇ ವಾರ್ಡಿನಲ್ಲಿ ದಿನಗಟ್ಟಲೆ ಸಮಯ ಕಳೆಯಲು ಕಾರಣ. ಜ್ವರ ಬಂದೇ ಬರಬೇಕೆಂದಿಲ್ಲ. ತೀರಾ ಕೆಳಗಿನ ಜೋಡಣೆಯಾಗಿದ್ದರೆ ಹೊಟ್ಟೆ ಮೆತ್ತಗೇ ಇರಬಹುದು. ಬೆನ್ನಿನ ಬುಡದಲ್ಲಿ ನೋವು, ಪದೇ ಪದೇ ಮಲಕ್ಕೆ ಹೋಗಬೇಕೆನಿಸುವುದು, ಗುದದ್ವಾರದಿಂದ ನಾರುವ ಕೀವು, ಮೂತ್ರ ಕಟ್ಟುವುದು ಇಷ್ಟೇ ಕಾಣಬಹುದು. ಡ್ರೇನ್‌ನಲ್ಲಿ (ಒಳಗಿನ ದ್ರವ ಹೊರಬರಲು ಇಟ್ಟ ಟ್ಯೂಬ್) ಮಲದಂಥ ಕಂದು ದ್ರವ ಬಂದರೆ ಅನುಮಾನಕ್ಕೆ ಎಡೆಯೇ ಇಲ್ಲ. ಬರಲಿಲ್ಲವೆಂದು ಮಾತ್ರ ನೆಮ್ಮದಿಯಾಗಿ ಕೂರುವಂತಿಲ್ಲ, ಡ್ರೇನ್ ಕಟ್ಟಿಕೊಂಡಿರಬಹುದು.

ರಕ್ತದಲ್ಲಿ ಸಿಆರ್‌ಪಿ (ಉರಿಯೂತವಾದಾಗ ಏರುವ ಪ್ರೋಟೀನ್) ನೋಡುವುದು ಅಗ್ಗದ, ಬಹಳ ಉಪಯೋಗದ ಪರೀಕ್ಷೆ. ಆಪರೇಷನ್ ಆದ ಎರಡು ಮೂರನೆಯ ದಿನ ಅದು ಸಹಜವಾಗಿಯೇ ಏರಿ ಆಮೇಲೆ ಇಳಿಯಬೇಕು. ನಾಲ್ಕನೆಯ ದಿನವೂ ಲೀಟರಿಗೆ 150 ಮಿಲಿಗ್ರಾಂ ಮೇಲಿದ್ದರೆ, ಅಥವಾ ಇಳಿದದ್ದು ಮತ್ತೆ ಏರಿದರೆ ಸ್ಕ್ಯಾನ್ ಮಾಡಿಸಿ. ಈ ಪರೀಕ್ಷೆಯ ನಿಜವಾದ ಬಲ ಇನ್ನೊಂದು ದಿಕ್ಕಿನದು: ಸಿಆರ್‌ಪಿ ಚೆನ್ನಾಗಿ ಇಳಿದಿದ್ದರೆ ಸೋರಿಕೆ ಇರುವ ಸಾಧ್ಯತೆ ತೀರಾ ಕಡಿಮೆ. ಏರಿದ್ದಕ್ಕೆ ನ್ಯುಮೋನಿಯಾ, ಗಾಯದ ಸೋಂಕು ಕೂಡ ಕಾರಣವಾಗಬಹುದು.

ಸಿಟಿ ಸ್ಕ್ಯಾನ್‌ಗೆ ರಕ್ತನಾಳದ ಕಾಂಟ್ರಾಸ್ಟ್ (ಚಿತ್ರದಲ್ಲಿ ಎದ್ದು ಕಾಣುವ ದ್ರವ) ಒಂದೇ ಸಾಲದು, ಗುದದ್ವಾರದಿಂದಲೂ ಕೊಡಬೇಕು. ಮೆತ್ತನೆಯ ಕ್ಯಾತಿಟರ್ ಅನ್ನು ಜೋಡಣೆಯ ಕೆಳಗೇ ನಿಲ್ಲಿಸಿ, ಬಲೂನ್ ಉಬ್ಬಿಸದೆ, ನೀರಿನಲ್ಲಿ ಕರಗುವ ಕಾಂಟ್ರಾಸ್ಟ್ ಅನ್ನು ತೆಳು ಮಾಡಿ ನಿಧಾನವಾಗಿ ಇಳಿಬಿಡಬೇಕು. ಬೇರಿಯಂ ಬೇಡವೇ ಬೇಡ. ಮಲದೊಂದಿಗೆ ಬೇರಿಯಂ ಹೊಟ್ಟೆಯೊಳಗೆ ಹರಡಿದರೆ ಉರಿಯೂತ ಇನ್ನೂ ಭೀಕರವಾಗುತ್ತದೆ. ಸ್ಕ್ಯಾನ್ ಸರಿಯಿದೆ, ರೋಗಿ ಸರಿಯಿಲ್ಲ ಎಂದಾದರೆ ರೋಗಿಯನ್ನು ನಂಬಿ. ಮಾರನೆಯ ದಿನ ಮತ್ತೆ ಸ್ಕ್ಯಾನ್, ಇಲ್ಲವೇ ಆಪರೇಷನ್ ಮಾಡಿದ ಸರ್ಜನ್ ಅವರೇ ಮೆಲ್ಲಗೆ ಬೆರಳು ಹಾಕಿ ನೋಡುವುದು, ಬಾಗುವ ಎಂಡೋಸ್ಕೋಪನ್ನು ಕಡಿಮೆ ಗಾಳಿಯಲ್ಲಿ ಇಳಿಸುವುದು. ಎಂಡೋಸ್ಕೋಪಿಯಲ್ಲಿ ತೂತಿನ ಅಗಲದಷ್ಟೇ ಮುಖ್ಯವಾದದ್ದು ಮೇಲಿನ ಕರುಳಿನ ಬಣ್ಣ. ಗುಲಾಬಿಯಾಗಿದ್ದರೆ ಜೋಡಣೆ ಉಳಿಸುವ ಯೋಚನೆ ಮಾಡಬಹುದು. ಬೂದು ಅಥವಾ ಕಪ್ಪು ಇದ್ದರೆ ಆ ಯೋಚನೆ ಅಲ್ಲಿಗೇ ಬಿಡಬೇಕು.

ಮೊದಲ ಗಂಟೆ

ಸೆಪ್ಸಿಸ್ ಲಕ್ಷಣವಿದ್ದರೆ ಸ್ಕ್ಯಾನ್ ರಿಪೋರ್ಟ್‌ಗೆ ಕಾಯುವಂತಿಲ್ಲ. ಬ್ಲಡ್ ಕಲ್ಚರ್‌ಗೆ (ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು ಬೆಳೆಸಿ ನೋಡುವ ಪರೀಕ್ಷೆ) ರಕ್ತ ತೆಗೆದು ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಶುರು ಮಾಡಬೇಕು. ಗ್ರಾಂ ನೆಗೆಟಿವ್ ಮತ್ತು ಆಮ್ಲಜನಕವಿಲ್ಲದೆ ಬೆಳೆಯುವ ಬ್ಯಾಕ್ಟೀರಿಯಾ ಎರಡನ್ನೂ ಹಿಡಿಯುವಂಥದ್ದಾಗಬೇಕು, ಪೈಪರಾಸಿಲಿನ್–ಟಾಜೋಬ್ಯಾಕ್ಟಮ್ 4.5 ಗ್ರಾಂ, ಕಿಡ್ನಿ ಸರಿಯಿದ್ದರೆ 6ರಿಂದ 8 ಗಂಟೆಗೊಮ್ಮೆ, ಸಾಮಾನ್ಯ ಆಯ್ಕೆ. ಅಂತಿಮ ನಿರ್ಧಾರ ಆಸ್ಪತ್ರೆಯಲ್ಲಿ ಯಾವ ಬ್ಯಾಕ್ಟೀರಿಯಾ ಯಾವ ಔಷಧಿಗೆ ಬಗ್ಗುತ್ತದೆ ಎಂಬ ಕಲ್ಚರ್ ದಾಖಲೆ ನೋಡಿ. ಬಿ.ಪಿ. ಬಿದ್ದಿದ್ದರೆ ತೂಕದ ಪ್ರತಿ ಕಿಲೋಗೆ 30 ಮಿ.ಲೀ. ಲೆಕ್ಕದಲ್ಲಿ ಸಲೈನ್ ಅಥವಾ ರಿಂಗರ್ ಲ್ಯಾಕ್ಟೇಟ್. ಆದರೂ ಸರಾಸರಿ ರಕ್ತದೊತ್ತಡ 65ಕ್ಕೆ ಏರದಿದ್ದರೆ ಬಿ.ಪಿ. ಏರಿಸುವ ನಾರ್‌ಅಡ್ರಿನಲಿನ್, ಐಸಿಯು. ಕೀವು ಪೂರ್ತಿ ಹೊರಬಂದ ಮೇಲೆ ಆ್ಯಂಟಿಬಯೋಟಿಕ್ ನಾಲ್ಕೈದು ದಿನ ಸಾಕಾಗುತ್ತದೆ. ವಾರಗಟ್ಟಲೆ ಎಳೆಯಬೇಕಾಗಿ ಬಂದಿದೆ ಎಂದರೆ ಎಲ್ಲೋ ಕೀವು ಉಳಿದಿದೆ ಎಂದೇ ಅರ್ಥ, ಮತ್ತೆ ಸ್ಕ್ಯಾನ್ ಮಾಡಿಸಿ.

ಯಾವ ದಾರಿ ಹಿಡಿಯಬೇಕು

2010ರಲ್ಲಿ ಗುದನಾಳದ ಕ್ಯಾನ್ಸರ್‌ನ ಅಂತರರಾಷ್ಟ್ರೀಯ ಅಧ್ಯಯನ ತಂಡವೊಂದು ಕೊಟ್ಟ ಎ, ಬಿ, ಸಿ ವರ್ಗೀಕರಣವನ್ನೇ ಈಗಲೂ ಎಲ್ಲೆಡೆ ಬಳಸುತ್ತಾರೆ. ಎ ಎಂದರೆ ಚಿತ್ರದಲ್ಲಿ ಮಾತ್ರ ಕಾಣುವ ಸೋರಿಕೆ, ಚಿಕಿತ್ಸೆ ಬದಲಾಗದು. ಬಿ ಎಂದರೆ ಏನಾದರೂ ಮಾಡಲೇಬೇಕು, ಆದರೆ ಹೊಟ್ಟೆ ಮತ್ತೆ ತೆರೆಯಬೇಕಿಲ್ಲ. ಸಿ ಎಂದರೆ ಮತ್ತೆ ಆಪರೇಷನ್. ಎ ಬಗ್ಗೆ ಹೇಳುವುದು ಕಡಿಮೆ: ಸ್ಟೋಮಾ (ಮಲ ಹೊರಹೋಗಲು ಹೊಟ್ಟೆಯ ಮೇಲೆ ತೆರೆದ ಕರುಳಿನ ಬಾಯಿ) ಇದ್ದರೆ ಅದನ್ನು ಮುಚ್ಚುವುದನ್ನು ಮುಂದೂಡಿ, ಆರರಿಂದ ಎಂಟು ವಾರ ಬಿಟ್ಟು ಮತ್ತೆ ನೋಡುವುದು.

ಮೊದಲ ಆಪರೇಷನ್‌ನಲ್ಲೇ ಮಲವನ್ನು ತಿರುಗಿಸುವ ಲೂಪ್ ಇಲಿಯಾಸ್ಟಮಿ (ಸಣ್ಣ ಕರುಳಿನ ಕುಣಿಕೆಯಿಂದ ಮಾಡಿದ ಸ್ಟೋಮಾ) ಮಾಡಿದ್ದರೆ ಅರ್ಧ ಗೆದ್ದಂತೆ. ಸ್ವೀಡನ್‌ನಲ್ಲಿ 234 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸ್ಟೋಮಾ ಇಲ್ಲದವರಲ್ಲಿ ಶೇ. 28 ಮಂದಿಗೆ ತೊಂದರೆ ಕೊಡುವ ಸೋರಿಕೆ ಆಯಿತು, ಇದ್ದವರಲ್ಲಿ ಶೇ. 10.3. ಆದರೆ ಇದರಿಂದ ಒಂದು ತಪ್ಪು ಧೈರ್ಯವೂ ಬರುತ್ತದೆ. ನಲ್ಲಿ ನಿಲ್ಲಿಸಿದ ಮಾತ್ರಕ್ಕೆ ಸಂಪು ಬರಿದಾಗುವುದಿಲ್ಲ. ಜೋಡಣೆಯ ಹಿಂದೆ, ಬೆನ್ನೆಲುಬಿನ ಬುಡದ ಸೇಕ್ರಮ್ ಮೂಳೆಯ ಮುಂದೆ ನಿಂತ ಕೀವು ಸ್ಟೋಮಾ ಇದ್ದರೂ ಅಲ್ಲೇ ಇರುತ್ತದೆ. ರೋಗಿಗೆ ಜ್ವರವಿಲ್ಲ, ಊಟ ಮಾಡುತ್ತಿದ್ದಾರೆ ಎಂದು ಮನೆಗೆ ಕಳಿಸಿದರೆ ಕುಳಿಯ ಗೋಡೆ ವಾರ ಕಳೆದಂತೆ ನಾರುಗಟ್ಟಿ ಗಡುಸಾಗುತ್ತದೆ. ಗಡುಸಾದ ಗೋಡೆ ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ.

ಕೀವು ತೆಗೆಯುವ ಎರಡು ಬಾಗಿಲು

ಪೆಲ್ವಿಸ್‌ನ ಮೇಲ್ಭಾಗದ ಕುಳಿಗೆ ರೇಡಿಯಾಲಜಿಸ್ಟ್ ಹೊರಗಿನಿಂದ ಡ್ರೇನ್ ಹಾಕುತ್ತಾರೆ. ರೋಗಿಯನ್ನು ಬೋರಲಾಗಿ ಮಲಗಿಸಿ, ಸಿಟಿ ನೋಡುತ್ತಾ, ಪೃಷ್ಠದ ಮೂಲಕ 10ರಿಂದ 14 ಫ್ರೆಂಚ್ ಅಳತೆಯ ಪಿಗ್‌ಟೇಲ್ (ತುದಿ ಸುರುಳಿಯಾದ ಟ್ಯೂಬ್). ಸೂಜಿ ಸೇಕ್ರಮ್ ಅಂಚಿಗೆ ಆದಷ್ಟು ಒತ್ತಿಕೊಂಡು, ಪಿರಿಫಾರ್ಮಿಸ್ ಸ್ನಾಯುವಿನ ಕೆಳಗಿಂದ ಹೋಗಬೇಕು. ಹೊರಕ್ಕೆ ಸರಿದರೆ ಸಯಾಟಿಕ್ ನರ, ಮೇಲಕ್ಕೆ ಹೋದರೆ ದೊಡ್ಡ ರಕ್ತನಾಳ. ಆಮೇಲಿನ ಕೆಲಸ ವಾರ್ಡಿನದು: 8 ಗಂಟೆಗೊಮ್ಮೆ 10 ಮಿ.ಲೀ. ಸಲೈನ್ ಹಾಕಿ ತೊಳೆಯದಿದ್ದರೆ ಗಟ್ಟಿ ಕೀವಿಗೆ ಟ್ಯೂಬ್ ಎರಡೇ ದಿನದಲ್ಲಿ ಕಟ್ಟಿಕೊಳ್ಳುತ್ತದೆ. ದಿನಕ್ಕೆ 10–20 ಮಿ.ಲೀ.ಗಿಂತ ಕಡಿಮೆಯಾಗಿ, ಸ್ಕ್ಯಾನ್‌ನಲ್ಲೂ ಕುಳಿ ಮಾಯವಾದ ಮೇಲೆಯೇ ತೆಗೆಯುವುದು. ಬಂದದ್ದು ನಿಂತಿತು ಎಂಬುದೊಂದೇ ಕಾರಣ ಸಾಲದು.

ಜೋಡಣೆ ಕೆಳಗಿದ್ದರೆ ಒಳಬಾಗಿಲೇ ಮೇಲು: ಗುದದ್ವಾರದ ಮೂಲಕ, ಆ ತೂತಿನಿಂದಲೇ ಕುಳಿಗೆ. ಹೊರಗಿನಿಂದ ಹಾಕಿದ ಡ್ರೇನ್ ಕರುಳಿನಿಂದ ಚರ್ಮಕ್ಕೆ ಹೊಸ ಫಿಸ್ಟುಲಾ (ಸೋರುವ ಅಸಹಜ ಕೊಳವೆ) ದಾರಿ ಮಾಡಿಕೊಡುವ ಅಪಾಯ ಇಲ್ಲಿಲ್ಲ. ಸರಳ ಕ್ರಮದಲ್ಲಿ ಒಂದು ದಪ್ಪ ರಬ್ಬರ್ ಕ್ಯಾತಿಟರ್ ಅನ್ನು ಕುಳಿಯಲ್ಲಿಟ್ಟು ಚರ್ಮಕ್ಕೆ ಹೊಲಿದು, ದಿನವೂ ತೊಳೆಯುತ್ತಾರೆ. ಅದಕ್ಕಿಂತ ಚುರುಕಾದದ್ದು ಸ್ಪಂಜು ಮತ್ತು ಸಕ್ಷನ್ ಬಳಸುವ ಎಂಡೋಸ್ಕೋಪಿಕ್ ವ್ಯಾಕ್ಯೂಮ್ ವಿಧಾನ, ಜರ್ಮನಿಯಲ್ಲಿ ರೂಪುಗೊಂಡದ್ದು.

ಕ್ರಮ ಹೀಗಿದೆ. ಮಂಪರು ಕೊಟ್ಟು ಎಂಡೋಸ್ಕೋಪನ್ನು ತೂತಿನೊಳಕ್ಕೆ ಇಳಿಸುತ್ತಾರೆ. ಒಳಗೆ ಮೊದಲು ಕಾಣುವುದು ಬೂದು-ಹಳದಿ ಪೊರೆ, ಕೊಳೆತ ಅಂಗಾಂಶದ ಚಿಂದಿ, ಒಮ್ಮೊಮ್ಮೆ ಬಿಡಿಸಿಕೊಂಡ ಸ್ಟೇಪಲ್ ಪಿನ್ನು. ಇದನ್ನೆಲ್ಲ ತೊಳೆದು ತೆಗೆದು, ಕುಳಿಯ ಆಳ ಅಳೆದು, ಪಾಲಿಯುರೆಥೇನ್ ಸ್ಪಂಜನ್ನು ಅದಕ್ಕಿಂತ ತುಸು ಚಿಕ್ಕದಾಗಿ ಕತ್ತರಿಸುತ್ತಾರೆ. ಸ್ಕೋಪ್ ಮೇಲೆ ಕೊಳವೆ ಜಾರಿಸಿ ಕುಳಿಯ ತಳ ಮುಟ್ಟಿಸಿ, ಸ್ಕೋಪ್ ಹೊರತೆಗೆದು, ಕೊಳವೆಯೊಳಗಿಂದ ಸ್ಪಂಜನ್ನು ದೂಡಿ, ಕೊಳವೆಯನ್ನು ಹಿಂದಕ್ಕೆ ಎಳೆಯುತ್ತಾರೆ. ಸ್ಪಂಜಿನ ಟ್ಯೂಬ್‌ಗೆ ಸುಮಾರು 125 ಮಿ.ಮೀ. ಪಾದರಸದಷ್ಟು ಸೆಳೆತ ಕೊಟ್ಟರೆ ಕುಳಿ ಸ್ಪಂಜಿನ ಮೇಲೆ ಕುಗ್ಗಿ ಕೂರುತ್ತದೆ. ಸಿದ್ಧ ಕಿಟ್ ಸಿಗದ ಕಡೆ ಗಾಯದ ವ್ಯಾಕ್ಯೂಮ್ ಡ್ರೆಸ್ಸಿಂಗ್‌ನ ಫೋಮ್ ಅನ್ನು ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಹಾಕುವ ಕೊಳವೆ) ತುದಿಗೆ ಹೊಲಿದು ಬಳಸುವುದೂ ಉಂಟು. ಹೊಲಿಗೆ ಭದ್ರವಿಲ್ಲದಿದ್ದರೆ ಎಳೆದಾಗ ಫೋಮ್ ಒಳಗೇ ಉಳಿದುಬಿಡುತ್ತದೆ.

ಸ್ಪಂಜನ್ನು ಮೂರು ನಾಲ್ಕು ದಿನಕ್ಕೊಮ್ಮೆ ಬದಲಿಸಲೇಬೇಕು. ಶನಿವಾರ ಬರಬೇಕಾದ ಬದಲಾವಣೆಯನ್ನು ರಜೆಯೆಂದು ಮುಂದಕ್ಕೆ ಹಾಕಿದರೆ ಹೊಸ ಮಾಂಸ ಸ್ಪಂಜಿನ ರಂಧ್ರಗಳೊಳಗೆ ಬೆಳೆದು, ಕೀಳುವಾಗ ರಕ್ತ ಸುರಿಯುತ್ತದೆ. ತೆಗೆಯುವ ಮುನ್ನ ಸೆಳೆತ ನಿಲ್ಲಿಸಿ ಟ್ಯೂಬ್ ಮೂಲಕ ಸಲೈನ್ ತುಂಬಿ ಕೆಲವು ನಿಮಿಷ ನೆನೆಸಿದರೆ ಸಲೀಸು. ಪ್ರತಿ ಬಾರಿಯೂ ಸ್ಪಂಜು ಚಿಕ್ಕದಾಗುತ್ತಾ ಬರಬೇಕು. ಕುಳಿ ಹೊಟ್ಟೆಯ ಒಳಭಾಗಕ್ಕೆ ತೆರೆದಿದ್ದರೆ, ಸಣ್ಣ ಕರುಳು ಅಥವಾ ದೊಡ್ಡ ರಕ್ತನಾಳ ಗೋಡೆಯಲ್ಲಿ ಹೊದಿಕೆಯಿಲ್ಲದೆ ಕಾಣುತ್ತಿದ್ದರೆ ಈ ವಿಧಾನ ಸಲ್ಲದು. ಸ್ಟೋಮಾ ಇಲ್ಲದವರಿಗೆ ಮೊದಲು ಸ್ಟೋಮಾ ಮಾಡಿಯೇ ಶುರು ಮಾಡುವುದು ವಾಡಿಕೆ.

ಆ್ಯಮ್‌ಸ್ಟರ್‌ಡ್ಯಾಮ್‌ನ ಸರ್ಜನ್‌ಗಳು ಇದಕ್ಕೆ ಒಂದು ಹೆಜ್ಜೆ ಸೇರಿಸಿದರು. ಕುಳಿ ತಾನಾಗಿ ಮುಚ್ಚಲೆಂದು ತಿಂಗಳುಗಟ್ಟಲೆ ಕಾಯುವ ಬದಲು, ಕೆಲವು ಸ್ಪಂಜು ಬದಲಾವಣೆಗಳಲ್ಲಿ ಗೋಡೆ ಕೆಂಪಗೆ ಶುಭ್ರವಾದ ಕೂಡಲೇ, ಗುದದ್ವಾರದ ಮೂಲಕ ತೂತನ್ನು ಕರಗುವ ದಾರದಿಂದ ಪೂರ್ತಿ ದಪ್ಪಕ್ಕೆ ಹೊಲಿಯುವುದು. ಸೋರಿಕೆ ಬೇಗ ಪತ್ತೆಯಾಗಿ, ಕರುಳು ಇನ್ನೂ ಮೆತ್ತಗಿರುವಾಗ ಇದು ಚೆನ್ನಾಗಿ ಒದಗುತ್ತದೆ. ತಿಂಗಳು ಕಳೆದ ಮೇಲೆ ಕರುಳಿನ ತುದಿ ಮೇಲಕ್ಕೆ ಸರಿದಿರುತ್ತದೆ, ಎಳೆದರೂ ಬಾರದು.

ಹೊಟ್ಟೆ ಮತ್ತೆ ತೆರೆಯಬೇಕಾದಾಗ

ಮಲ ಹೊಟ್ಟೆಯ ತುಂಬ ಹರಡಿದ್ದರೆ, ಡ್ರೇನ್ ಹಾಕಿಯೂ ಸೆಪ್ಸಿಸ್ ಇಳಿಯದಿದ್ದರೆ, ಕರುಳು ಸತ್ತಿದ್ದರೆ ತಡಮಾಡುವಂತಿಲ್ಲ. ಬೆಚ್ಚಗಿನ ಸಲೈನ್‌ನಿಂದ ಲೀಟರ್‌ಗಟ್ಟಲೆ ತೊಳೆದು ಜೋಡಣೆಯನ್ನು ನೋಡುತ್ತಾರೆ. ಏಳೆಂಟು ದಿನದ ಪೆಲ್ವಿಸ್‌ನಲ್ಲಿ ಅಂಗಾಂಶಗಳೆಲ್ಲ ಊದಿ ಅಂಟಿಕೊಂಡಿರುತ್ತವೆ. ಎಲ್ಲ ಬಿಡಿಸಿ ನೋಡುವ ಹಟ ಹಿಡಿದರೆ ಮೂತ್ರನಾಳವೋ ಸೇಕ್ರಮ್ ಮುಂದಿನ ರಕ್ತನಾಳವೋ ಹರಿಯುತ್ತದೆ.

ತೂತು ಚಿಕ್ಕದು, ಕರುಳಿಗೆ ಜೀವವಿದೆ, ರೋಗಿ ತಡೆದುಕೊಳ್ಳುತ್ತಿದ್ದಾರೆ ಎಂದಾದರೆ ಜೋಡಣೆಯನ್ನು ಹಾಗೇ ಬಿಟ್ಟು ಲೂಪ್ ಇಲಿಯಾಸ್ಟಮಿ ಮಾಡಿ, ಪೆಲ್ವಿಸ್‌ಗೆ ಡ್ರೇನ್ ಇಡುತ್ತಾರೆ. ಇಲ್ಲಿ ಮರೆತುಹೋಗುವ ಕೆಲಸವೊಂದಿದೆ: ಸ್ಟೋಮಾದಿಂದ ಜೋಡಣೆಯವರೆಗೆ ಇಡೀ ದೊಡ್ಡ ಕರುಳಿನಲ್ಲಿ ಮಲ ಕೂತಿರುತ್ತದೆ. ಸ್ಟೋಮಾದ ಕೆಳಬಾಯಿಯಿಂದ ಸಲೈನ್ ಹರಿಸಿ ಅದನ್ನು ಗುದದ್ವಾರದಿಂದ ಹೊರಗೆ ತೊಳೆದು ಬಿಡದಿದ್ದರೆ, ಸ್ಟೋಮಾ ಮಾಡಿಯೂ ಸೋರಿಕೆ ಮುಂದುವರಿಯುತ್ತದೆ. ಮೇಲಿನಿಂದ ತೂತಿಗೆ ನಾಲ್ಕು ಹೊಲಿಗೆ ಹಾಕುವ ಆಸೆ ಹುಟ್ಟುವುದು ಸಹಜ. ಆದರೆ ಊದಿದ ಅಂಗಾಂಶ ದಾರ ಹಿಡಿಯುವುದಿಲ್ಲ.

ಕರುಳು ಕಪ್ಪಾಗಿದ್ದರೆ, ಜೋಡಣೆ ಅರ್ಧಕ್ಕಿಂತ ಹೆಚ್ಚು ಬಿಟ್ಟುಹೋಗಿದ್ದರೆ, ರೋಗಿ ನಾರ್‌ಅಡ್ರಿನಲಿನ್ ಮೇಲೆ ನಿಂತಿದ್ದರೆ ಜೋಡಣೆ ಬಿಚ್ಚಿ ಎಂಡ್ ಕೊಲಾಸ್ಟಮಿ (ದೊಡ್ಡ ಕರುಳಿನ ತುದಿಯನ್ನೇ ಹೊಟ್ಟೆಯ ಮೇಲೆ ತೆರೆಯುವ ಸ್ಟೋಮಾ) ಮಾಡುವುದೇ ಜಾಣತನ. ಕೆಳಗುಳಿದ ತುಂಡಿನ ಬಾಯಿ ಭದ್ರವಾಗಿ ಮುಚ್ಚಿಕೊಳ್ಳುವುದು ಅನುಮಾನ, ಆದ್ದರಿಂದ ಗುದದ್ವಾರದ ಮೂಲಕವೂ ಒಂದು ಡ್ರೇನ್ ಬಿಡುತ್ತಾರೆ. ಹೀಗಾದವರಲ್ಲಿ ಹಲವರಿಗೆ ಕೊಲಾಸ್ಟಮಿ ಶಾಶ್ವತವಾಗಿಯೇ ಉಳಿಯುತ್ತದೆ. ಇದನ್ನು ಮನೆಯವರಿಗೆ ಆಪರೇಷನ್‌ಗೆ ಮೊದಲೇ ಹೇಳಬೇಕು.

ವಾರ್ಡಿನಲ್ಲಿ, ಮನೆಯಲ್ಲಿ

ಪ್ರೋಟೀನ್ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.5 ಗ್ರಾಂ ಬೇಕು: 60 ಕಿಲೋ ಇರುವವರಿಗೆ 90 ಗ್ರಾಂ, ಬರಿಯ ಗಂಜಿಯಿಂದ ಇದು ಆಗದ ಮಾತು. ಬಾಯಿಂದ ಸಾಲದಿದ್ದರೆ ಟ್ಯೂಬ್, ಅದೂ ಆಗದಿದ್ದರೆ ರಕ್ತನಾಳ. ಸಕ್ಕರೆ 180ರ ಕೆಳಗಿರಲಿ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟದಂತೆ ಎನಾಕ್ಸಪ್ಯಾರಿನ್ ಮುಂದುವರಿಯಲಿ.

ಇಲಿಯಾಸ್ಟಮಿ ದಿನಕ್ಕೆ ಒಂದೂವರೆ ಲೀಟರ್ ದಾಟಿದರೆ ನೀರಿನ ಜೊತೆ ಉಪ್ಪೂ ಹೋಗುತ್ತದೆ. ಆಗ ಬರಿ ನೀರು, ಎಳನೀರು ಕುಡಿದಷ್ಟೂ ಹೊರಹೋಗುವುದೇ ಹೆಚ್ಚಾಗುತ್ತದೆ; ಎಳನೀರಿನಲ್ಲಿ ಪೊಟ್ಯಾಸಿಯಂ ಉಂಟು, ಸೋಡಿಯಂ ಕಡಿಮೆ. ಒಂದು ಲೀಟರ್ ನೀರಿಗೆ ಗ್ಲೂಕೋಸ್ 20 ಗ್ರಾಂ, ಅಡುಗೆ ಉಪ್ಪು 3.5 ಗ್ರಾಂ, ಅಡುಗೆ ಸೋಡಾ 2.5 ಗ್ರಾಂ ಬೆರೆಸಿ ದಿನವಿಡೀ ಗುಟುಕರಿಸಬೇಕು, ಮಿಕ್ಕ ದ್ರವ ಕಡಿಮೆ ಮಾಡಬೇಕು, ಕರುಳಿನ ಓಟ ನಿಧಾನಿಸುವ ಲೋಪರಮೈಡ್ ಅನ್ನು ಊಟಕ್ಕೆ ಅರ್ಧ ಗಂಟೆ ಮೊದಲು ವೈದ್ಯರು ಹೇಳಿದಷ್ಟು ಕೊಡಬೇಕು.

ಆರದೆ ಉಳಿದ ಕುಳಿ

ಸ್ಟೋಮಾ ಮುಚ್ಚುವ ಮೊದಲು ಬೆರಳು, ಎಂಡೋಸ್ಕೋಪಿ, ಕಾಂಟ್ರಾಸ್ಟ್ ಚಿತ್ರ ಮೂರೂ ಆಗಬೇಕು. ನೆದರ್‌ಲ್ಯಾಂಡ್ಸ್‌ನಲ್ಲಿ ದೇಶದಾದ್ಯಂತ ನಡೆದ ಅಧ್ಯಯನವೊಂದರಲ್ಲಿ, ಸೋರಿದ ಜೋಡಣೆಗಳಲ್ಲಿ ಸುಮಾರು ಅರ್ಧದಷ್ಟು ವರ್ಷ ಕಳೆದರೂ ಆರಿರಲಿಲ್ಲ. ಇಂಥ ಕುಳಿಯಿಂದ ಮೊದಲು ಬಯಾಪ್ಸಿ ತೆಗೆದು ಕ್ಯಾನ್ಸರ್ ಮರಳಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಕುಳಿ ಚಿಕ್ಕದಿದ್ದರೆ ಕರುಳಿಗೂ ಅದಕ್ಕೂ ನಡುವಿನ ಗೋಡೆಯನ್ನು ಗುದದ್ವಾರದಿಂದ ಲೀನಿಯರ್ ಸ್ಟೇಪ್ಲರ್ ಹಾಕಿ ಸೀಳಿ ಎರಡನ್ನೂ ಒಂದೇ ಕೋಣೆ ಮಾಡುತ್ತಾರೆ. ದೊಡ್ಡದಿದ್ದರೆ ಹಳೆಯ ಜೋಡಣೆ ತೆಗೆದು, ಕುಳಿಯ ಗಡುಸು ಗೋಡೆ ಕೆರೆದು, ಹೊಸ ಕರುಳನ್ನು ಗುದದ್ವಾರಕ್ಕೆ ತರುತ್ತಾರೆ. ಟರ್ನ್‌ಬುಲ್–ಕ್ಯುಟೈಟ್ ವಿಧಾನದಲ್ಲಿ ಆ ಕರುಳನ್ನು ಒಡನೆ ಹೊಲಿಯದೆ ಗುದದ್ವಾರದ ಹೊರಗೆ ತೂಗಬಿಟ್ಟು, ಆರರಿಂದ ಹತ್ತು ದಿನದಲ್ಲಿ ಸುತ್ತ ಅಂಟಿಕೊಂಡ ಮೇಲೆ ಕತ್ತರಿಸಿ ಹೊಲಿಯುತ್ತಾರೆ. ಇವು ಇಂಥ ಕೆಲಸ ಹೆಚ್ಚು ಮಾಡುವ ಕೇಂದ್ರದಲ್ಲೇ ಆಗಬೇಕಾದ ಆಪರೇಷನ್‌ಗಳು. ಸರಿಯಾಗಿ ಜೋಡಿಸಿದರೂ ದಿನಕ್ಕೆ ಹಲವು ಬಾರಿ ಮಲ, ತಡೆಯಲಾಗದ ಅವಸರ ಉಳಿಯಬಹುದು. ಅದೆಲ್ಲ ಬೇಡ, ಕೊಲಾಸ್ಟಮಿಯೇ ಇರಲಿ ಎನ್ನುವ ರೋಗಿಯ ಆಯ್ಕೆಯೂ ಪೂರ್ತಿ ನ್ಯಾಯವಾದದ್ದೇ.

ಡಿಸ್ಚಾರ್ಜ್ ಚೀಟಿಯಲ್ಲಿ ಇಷ್ಟು ಬರೆದಿರಲೇಬೇಕು: ಜೋಡಣೆ ಗುದದ್ವಾರದಿಂದ ಎಷ್ಟು ಸೆಂಟಿಮೀಟರ್ ಮೇಲಿದೆ, ತೂತು ಯಾವ ಕಡೆ, ಕುಳಿಯ ಕೊನೆಯ ಅಳತೆ, ಕೊನೆಯ ಸಿಆರ್‌ಪಿ, ಒಳಗೆ ಡ್ರೇನ್ ಅಥವಾ ಸ್ಪಂಜು ಉಳಿದಿದೆಯೇ, ಮುಂದಿನ ಎಂಡೋಸ್ಕೋಪಿ ಯಾವತ್ತು. ಸ್ಟೋಮಾ ಮುಚ್ಚಿದ ನಂತರದ ತಿಂಗಳುಗಳಲ್ಲಿ ಬೆನ್ನಿನ ಬುಡದ ನೋವು, ಕಾರಣವಿಲ್ಲದ ಜ್ವರ, ಮಲದಲ್ಲಿ ಕೀವು, ಹೆಂಗಸರಲ್ಲಿ ಯೋನಿಯಿಂದ ಗ್ಯಾಸ್ ಅಥವಾ ಮಲ ಕಂಡರೆ ಈ ಚೀಟಿ ಹಿಡಿದು ಅದೇ ವಾರ ಸರ್ಜನ್ ಬಳಿ ಹೋಗಬೇಕು.