ಕೆಲಸ ಹೋದ ಸುದ್ದಿಯನ್ನು ಲಿಂಕ್ಡ್‌ಇನ್‌ನಲ್ಲಿ ಬರೆಯುವಾಗ

ಲೇಆಫ್ ಆದ ರಾತ್ರಿ ಬರೆಯಬೇಕು ಅನ್ನಿಸಿದರೆ ಬರೆಯಿರಿ, ಪೋಸ್ಟ್ ಮಾತ್ರ ಮಾಡಬೇಡಿ. ನಾನು ಮೊದಲ ಕರಡನ್ನು ಲಿಂಕ್ಡ್‌ಇನ್ ತೆರೆದು ಬರೆಯುವುದೇ ಇಲ್ಲ, ಫೋನಿನ ನೋಟ್ಸ್‌ನಲ್ಲಿ ಬರೆಯುತ್ತೇನೆ. ಸಿಟ್ಟು, ಅಳು, ಮ್ಯಾನೇಜರ್ ಹೆಸರು ಎಲ್ಲ ಅಲ್ಲೇ ಇರಲಿ. ಎರಡು ರಾತ್ರಿ ಕಳೆದು ನೋಡಿದರೆ ಅರ್ಧಕ್ಕರ್ಧ ಬೇಡವೆನಿಸುತ್ತದೆ.

ಅಷ್ಟರಲ್ಲಿ ಕಾಗದಪತ್ರ ನೋಡಿಕೊಳ್ಳಬೇಕು. ಬಿಡುವಾಗ ಸಹಿ ಹಾಕಿಸಿಕೊಳ್ಳುವ ಪತ್ರದಲ್ಲಿ, ಕಂಪನಿಯ ಬಗ್ಗೆ ಹೊರಗೆ ಕೆಟ್ಟದಾಗಿ ಮಾತಾಡಬಾರದು ಎಂಬ ಷರತ್ತು ಇರುವುದುಂಟು. ರಿಲೀವಿಂಗ್ ಲೆಟರ್ ಕೈಗೆ ಬಂದು, ಫುಲ್ ಅಂಡ್ ಫೈನಲ್ ದುಡ್ಡು, ಅಂದರೆ ಕಂಪನಿಯಿಂದ ಬರಬೇಕಾದ ಕೊನೆಯ ಬಾಕಿ, ಖಾತೆಗೆ ಬೀಳುವ ತನಕ ಕಂಪನಿಯ ತಪ್ಪು-ಒಪ್ಪಿನ ತಂಟೆಗೆ ನಾನು ಹೋಗುವುದಿಲ್ಲ. ಕೆಲಸ ಹೋಯಿತು ಅಂತ ಹೇಳಲು ಅದು ಬೇಕಾಗುವುದೂ ಇಲ್ಲ.

ಪೋಸ್ಟ್‌ಗೆ 3000 ಅಕ್ಷರಗಳ ಮಿತಿ. ಆದರೆ ಫೀಡ್‌ನಲ್ಲಿ ಕಾಣುವುದು ಮೊದಲ ಎರಡು-ಮೂರು ಸಾಲು, ಉಳಿದದ್ದು ‘ಮೋರ್’ ಒತ್ತಿದವರಿಗೆ. ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಪೇಚು: ಕಂಪ್ಯೂಟರು ಒತ್ತು, ಕೊಂಬು, ದೀರ್ಘವನ್ನೆಲ್ಲ ಬಿಡಿಬಿಡಿಯಾಗಿ ಎಣಿಸುತ್ತದೆ. ‘ಲಕ್ಷ್ಮೀ’ ನಮ್ಮ ಕಣ್ಣಿಗೆ ಎರಡಕ್ಷರ, ಅದರ ಲೆಕ್ಕದಲ್ಲಿ ಏಳು.

ಆ ಮೊದಲ ಸಾಲುಗಳನ್ನು “ಭಾರವಾದ ಮನಸ್ಸಿನಿಂದ ಇದನ್ನು ಬರೆಯುತ್ತಿದ್ದೇನೆ” ಎಂದು ಹಾಳುಮಾಡಬಾರದು. ನಾನು ಹೀಗೆ ಶುರುಮಾಡುತ್ತೇನೆ: “ಶುಕ್ರವಾರ ನನ್ನ ಕೆಲಸ ಹೋಯಿತು. ಆರು ವರ್ಷ ಪೇಮೆಂಟ್ ಆ್ಯಪ್‌ಗಳ ಟೆಸ್ಟಿಂಗ್ ಮಾಡಿದ್ದೇನೆ. ಬೆಂಗಳೂರು ಅಥವಾ ಮೈಸೂರಿನಲ್ಲಿ ಟೆಸ್ಟ್ ಲೀಡ್ ಕೆಲಸ ಹುಡುಕುತ್ತಿದ್ದೇನೆ.” ಓದಿದವರ ಮನಸ್ಸು ಕರಗಿದರೆ ಸಾಲದು, ಇದನ್ನು ಯಾರಿಗೆ ಕಳಿಸಬಹುದು ಅಂತ ಅವರಿಗೆ ತಕ್ಷಣ ಹೊಳೆಯಬೇಕು.

ದುಃಖಕ್ಕೆ ನಾಲ್ಕೈದು ವಾಕ್ಯ ಸಾಕು. “ಕುಸಿದುಹೋದೆ” ಎಂದರೆ ಯಾರ ಕಣ್ಣಿಗೂ ಏನೂ ಕಟ್ಟುವುದಿಲ್ಲ. “ಲ್ಯಾಪ್‌ಟಾಪ್ ಒಯ್ಯಲು ಕೊರಿಯರ್‌ನವರು ಬಾಗಿಲಲ್ಲಿ ನಿಂತಿದ್ದರು, ನಾನು ಅದಕ್ಕೆ ಮಗಳು ಅಂಟಿಸಿದ್ದ ಸ್ಟಿಕ್ಕರ್ ಕೀಳುತ್ತಿದ್ದೆ” ಎಂದರೆ ಕಟ್ಟುತ್ತದೆ. ಅಲ್ಲಿಗೆ ನಿಲ್ಲಿಸಿ. ಅದರ ಕೆಳಗೆ ‘ಇದರಿಂದ ಕಲಿತ ಐದು ಪಾಠ’ ಬಂತೋ, ಸ್ಕ್ರೀನ್‌ಶಾಟ್ ತೆಗೆದು ನಗುವವರಿಗೆ ಹಬ್ಬ.

ಮನೆಯವರ ಕಾಯಿಲೆ ಬರೆಯುವ ಮುನ್ನ ಅವರಿಗೆ ಕರಡು ಓದಿ ಹೇಳುತ್ತೇನೆ, ಬೇಡ ಎಂದರೆ ಆ ಸಾಲು ಹೋಗುತ್ತದೆ. ಇಎಂಐ ಬಾಕಿಯ ಮಾತಂತೂ ಬೇಡವೇ ಬೇಡ. ಅದನ್ನು ಓದಿಕೊಂಡು ಬಂದ ಎಚ್‌ಆರ್ ಸಂಬಳದ ಮಾತುಕತೆಗೆ ಕೂತಾಗ ನಮ್ಮ ಜುಟ್ಟು ಅವರ ಕೈಯಲ್ಲಿರುತ್ತದೆ.

ಅಳುವ ಫೋಟೋ ಹಾಕುವುದಿಲ್ಲ. 2022ರ ಆಗಸ್ಟ್‌ನಲ್ಲಿ ಅಮೆರಿಕದ ಸಣ್ಣ ಕಂಪನಿಯೊಂದರ ಮುಖ್ಯಸ್ಥರು ನೌಕರರನ್ನು ತೆಗೆದು, ತಾವೇ ಕಣ್ಣೀರು ಸುರಿಸುವ ಸೆಲ್ಫಿ ಹಾಕಿದ್ದರು. ಚರ್ಚೆಯೆಲ್ಲ ಆ ಮುಖದ ಸುತ್ತಲೇ ನಡೆಯಿತು. ಪೋಸ್ಟ್ ಆದಮೇಲೆ ಬರಹ ತಿದ್ದಬಹುದು, ‘ಎಡಿಟೆಡ್’ ಎಂದು ಕಾಣುತ್ತದೆ, ಅಷ್ಟೇ. ಫೋಟೋ ಬದಲಿಸಬೇಕೆಂದರೆ ಪೋಸ್ಟನ್ನೇ ಅಳಿಸಿ, ಬಂದ ಕಾಮೆಂಟ್‌ಗಳನ್ನೂ ಕಳೆದುಕೊಳ್ಳಬೇಕು.

ಹಾಕಿದ ಮೇಲೆ ಎರಡು ಗಂಟೆ ಬಿಡುವಿರಬೇಕು. “ಬೇಜಾರಾಯ್ತು” ಎಂದವರಿಗೆ ಅಲ್ಲೇ ಒಂದು ಸಾಲು. “ನಮ್ಮಲ್ಲಿ ಓಪನಿಂಗ್ ಇದೆ” ಎಂದವರಿಗೆ ಅದೇ ದಿನ ಇನ್‌ಬಾಕ್ಸ್‌ನಲ್ಲಿ ರೆಸ್ಯೂಮೆ, ಜೊತೆಗೆ ಆ ಹುದ್ದೆಗೆ ಕಂಪನಿ ಕೊಟ್ಟಿರುವ ಗುರುತಿನ ಸಂಖ್ಯೆ, ಅಂದರೆ ಜಾಬ್ ಐಡಿ. ಅದಿಲ್ಲದೆ ರೆಫರ್ ಮಾಡಿ ಅಂದರೆ ಹುಡುಕುವ ಕೆಲಸ ಅವರ ತಲೆಗೆ ಬಿದ್ದು ಮರೆತೇ ಹೋಗುತ್ತದೆ. ಕಿಡಿಗೇಡಿಗಳು ಸೇರಿದರೆ ಕಾಮೆಂಟ್ ಮಾಡುವ ಅವಕಾಶವನ್ನು ಕನೆಕ್ಷನ್‌ಗಳಿಗೆ, ಅಂದರೆ ಲಿಂಕ್ಡ್‌ಇನ್‌ನಲ್ಲಿ ನಮ್ಮ ಜೊತೆ ಸೇರಿಕೊಂಡವರಿಗೆ, ಮಾತ್ರ ಎಂದು ಬದಲಿಸಬಹುದು.

ಫೋನ್ ನಂಬರ್ ಪೋಸ್ಟ್‌ನಲ್ಲಿ ಬೇಡ. ಕೆಲಸ ಹೋದವರ ಪೋಸ್ಟ್ ಹುಡುಕಿಕೊಂಡೇ ಬರುವ ವಂಚಕರಿದ್ದಾರೆ. ಆಫರ್ ಲೆಟರ್ ಮೊದಲೇ ಕಳಿಸಿ, ಆಮೇಲೆ ರಿಜಿಸ್ಟ್ರೇಷನ್ ಫೀಸು, ಲ್ಯಾಪ್‌ಟಾಪ್ ಡೆಪಾಸಿಟ್ ಅಂತ ಯುಪಿಐ ಕ್ಯೂಆರ್ ಕೋಡ್ ಕಳಿಸುತ್ತಾರೆ.